ಯಾವ ಊರು, ಯಾರ ಪೈಕಿ?

ಪರದೇಶದ ಪಟ್ಟಣವೊಂದಕ್ಕೆ ಒಬ್ಬನೇ ಕಾಲಿಟ್ಟವನು ಮೊದಲ ದಿನವೇ ಆ ಊರಿನ ಬಗ್ಗೆ ಒಂದು ತೀರ್ಮಾನಕ್ಕೆ ಬಂದುಬಿಡುತ್ತಾನೆ. ಹಾಗೆ ತೀರ್ಮಾನಿಸುವ ಅಧಿಕಾರ ಅವನಿಗೆ ಉಂಟೆ? ಅವನು ಕಂಡದ್ದು ಆ ಊರನ್ನೋ, ತನ್ನ ಊರಿನಿಂದ ಹೊತ್ತು ತಂದ ನಿರೀಕ್ಷೆಯನ್ನೋ? ಈ ಪ್ರಶ್ನೆಯನ್ನು ನಾನು ಗ್ರಂಥದಿಂದ ಎತ್ತಿಕೊಂಡವನಲ್ಲ. ಅದು ನನ್ನನ್ನು ಹಿಡಿದದ್ದು ಲಂಡನ್ನಿನಲ್ಲಿ. ಆದರೆ ಅದರ ಇನ್ನೊಂದು ತುದಿ ಇರುವುದು ನಮ್ಮ ಬ್ರಹ್ಮಗಿರಿಯ ಬಂಡೆಯ ಮೇಲೆ. ಆದುದರಿಂದ ಮೊದಲು ಬಂಡೆಯ ವಿಚಾರವನ್ನೇ ಹೇಳುತ್ತೇನೆ.

ಮೊಳಕಾಲ್ಮೂರು ತಾಲ್ಲೂಕಿನ ಅಶೋಕ ಸಿದ್ದಾಪುರದ ಸಮೀಪದಲ್ಲಿರುವ ಈ ಬಂಡೆಯನ್ನು ಜನ ಅಕ್ಷರಗುಂಡು ಎಂದು ಕರೆಯುತ್ತ ಬಂದಿದ್ದಾರೆ. ಓದಬಲ್ಲವರು ಶತಮಾನಗಳ ಕಾಲ ಒಬ್ಬರೂ ಇರಲಿಲ್ಲವಾದರೂ ಅದರ ಮೇಲಿರುವುದು ಅಕ್ಷರ ಎಂಬುದನ್ನು ಮಾತ್ರ ದನಕಾಯುವವರೂ ಮರೆತಿರಲಿಲ್ಲ. ಅದು ಅಶೋಕ ಚಕ್ರವರ್ತಿಯ ಶಾಸನವೆಂದು ೧೮೯೨ರಲ್ಲಿ ಲೋಕಕ್ಕೆ ತಿಳಿಸಿದವರು ಬಿ. ಎಲ್. ರೈಸ್ ಸಾಹೇಬರು. ಸಾಹೇಬರೆಂದೆನಲ್ಲ, ಅವರು ಹುಟ್ಟಿದ್ದು ೧೮೩೭ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ತೀರಿಕೊಂಡದ್ದು ೧೯೨೭ರಲ್ಲಿ, ಲಂಡನ್ನಿನ ಬಳಿಯ ಹ್ಯಾರೋದಲ್ಲಿ. ಈ ಎರಡು ಊರುಗಳಲ್ಲಿ ಅವರು ಯಾವುದಕ್ಕೆ ಪರಕೀಯರಾಗಿದ್ದರೋ ಹೇಳುವುದು ಕಷ್ಟ.

ಶಾಸನದ ಕಾಲದಲ್ಲಿ ಇಲ್ಲಿದ್ದ ಪಟ್ಟಣದ ಹೆಸರು ಇಸಿಲ. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಅಲ್ಲಿನ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆದೇಶವದು. ತಂದೆತಾಯಿಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬ ಧರ್ಮದ ಮಾತುಗಳು ಅದರಲ್ಲಿವೆ. ಆದರೆ ಇವೆಲ್ಲಕ್ಕಿಂತ ಮೊದಲು ಬಂದಿರುವ ಮಾತನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಆಜ್ಞೆಯನ್ನು ತಿಳಿಸುವುದಕ್ಕೆ ಮುಂಚೆ ಇಸಿಲದವರಿಗೆ ಆರೋಗ್ಯವನ್ನು ಕೋರಬೇಕು ಎಂದು ಅಲ್ಲಿ ಬರೆದಿದೆ. ನಮ್ಮ ಸೀಮೆಗೆ ಬಂದ ಬರವಣಿಗೆಯಲ್ಲಿ ನಮಗೆ ಉಳಿದಿರುವ ಅತ್ಯಂತ ಹಳೆಯದು ಹೀಗೆ ಕುಶಲದಿಂದ ಆರಂಭವಾಗುತ್ತದೆ.

ಶಾಸನದ ಕೊನೆಯಲ್ಲಿ ಅದನ್ನು ಬರೆದವನ ಹೆಸರುಂಟು, ಚಪಡ ಎಂದು. ಶಾಸನವೆಲ್ಲ ಬ್ರಾಹ್ಮೀ ಲಿಪಿಯಲ್ಲಿದೆ. ಆದರೆ ಲಿಪಿಕಾರನಾದ ನಾನು ಬರೆದೆ ಎಂದು ಹೇಳಿಕೊಳ್ಳುವಲ್ಲಿ ಲಿಪಿಕಾರನೆಂಬ ಆ ಒಂದು ಪದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ. ಚಪಡನು ಆ ವಾಯವ್ಯ ಸೀಮೆಯಲ್ಲಿ ಬರವಣಿಗೆ ಕಲಿತವನಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಈ ಬಂಡೆಯ ಬಳಿ ನಿಂತವರಲ್ಲಿ ಆ ಐದು ಅಕ್ಷರಗಳನ್ನು ಓದಬಲ್ಲವರು ಅಂದು ಎಷ್ಟು ಜನರಿದ್ದಾರು? ಮೂವತ್ತು ವರ್ಷ ಉಪಾಧ್ಯಾಯನಾಗಿದ್ದ ನಾನು ಪ್ರತಿ ವರ್ಷವೂ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಆ ಪದವನ್ನು ತೋರಿಸಿ, ಇದು ಬರೆದವನ ಜಾಣತನದ ಪ್ರದರ್ಶನ ಎಂದು ಹೇಳುತ್ತಿದ್ದೆ. ಈಗ ನನಗೆ ಹಾಗೆ ತೋರುವುದಿಲ್ಲ.

೨೦೧೮ರ ಸೆಪ್ಟೆಂಬರಿನಲ್ಲಿ ನಾನು ಇಂಗ್ಲೆಂಡಿಗೆ ಹೋದೆ. ಮ್ಯಾಂಚೆಸ್ಟರಿನಲ್ಲಿ ಮಗನ ಮನೆ. ಮೊಮ್ಮಗುವನ್ನು ಕಂಡು ತಿಂಗಳು ಕಳೆದ ಮೇಲೆ, ಹಿಂತಿರುಗುವ ಮುನ್ನ ನಾಲ್ಕು ದಿನ ಲಂಡನ್ನಿನಲ್ಲಿ ಒಬ್ಬನೇ ಇದ್ದು ಬರುತ್ತೇನೆ ಎಂದು ಹಟ ಹಿಡಿದೆ. ಒಬ್ಬನೇ ಏಕೆ ಎಂದು ಮಗ ಕೇಳಿದ. ಉತ್ತರ ನನ್ನಲ್ಲಿಯೂ ಸ್ಪಷ್ಟವಾಗಿರಲಿಲ್ಲ. ಹಿಂದೊಮ್ಮೆ ನಲವತ್ತು ಮಂದಿ ಬಸ್ಸು ಮಾಡಿಕೊಂಡು ಕಾಶಿಗೆ ಹೋಗಿದ್ದೆವು. ಅಡುಗೆಯವರು ಜೊತೆಗಿದ್ದರು, ರೊಟ್ಟಿ, ಶೇಂಗಾ ಚಟ್ನಿ ಎಲ್ಲವೂ ಇಲ್ಲಿಂದಲೇ. ಇಳಿದುಕೊಂಡದ್ದು ಜಂಗಮವಾಡಿ ಮಠದಲ್ಲಿ. ದಾರಿಯುದ್ದಕ್ಕೂ ನಮ್ಮೂರಿನ ಜಗಳ, ನಮ್ಮೂರಿನ ಹಾಸ್ಯ. ನಾವು ಕಾಶಿಯನ್ನು ನೋಡಿದೆವು ಎನ್ನುವುದಕ್ಕಿಂತ ನಮ್ಮ ಊರೇ ಕಾಶಿಗೆ ಹೋಗಿ ಬಂತು ಎನ್ನುವುದು ಸರಿಯಾದ ಮಾತು. ಹಾಗಲ್ಲದೆ ಒಂದು ಪರಸ್ಥಳವನ್ನು ಕಾಣಬೇಕೆಂಬ ಆಸೆ ಮನಸ್ಸಿನಲ್ಲಿ ಉಳಿದಿತ್ತೆಂದು ಕಾಣುತ್ತದೆ.

ಯೂಸ್ಟನ್ ನಿಲ್ದಾಣದಲ್ಲಿ ಇಳಿದಾಗ ಜಿಟಿಜಿಟಿ ಮಳೆ. ಜನಪ್ರವಾಹವೆಂಬ ಮಾತನ್ನು ಬರೆದಿದ್ದೆ, ಬರೆಸಿದ್ದೆ. ಅದರಲ್ಲಿ ಸಿಕ್ಕಿಕೊಂಡದ್ದು ಅಂದೇ. ಎಲ್ಲರೂ ಅವಸರದಲ್ಲಿದ್ದಾರೆ, ಆದರೆ ಯಾರೂ ಯಾರಿಗೂ ತಾಗುವುದಿಲ್ಲ. ಚಲಿಸುವ ಮೆಟ್ಟಿಲಿನ ಮೇಲೆ ನಿಲ್ಲುವವರು ಬಲಕ್ಕೆ, ನಡೆಯುವವರು ಎಡಕ್ಕೆ. ನಾನು ಎಡಕ್ಕೆ ನಿಂತೆ; ಹಿಂದಿನವರು ಬೈಯಲಿಲ್ಲ, ಸುಮ್ಮನೆ ನಿಂತರು. ಆ ಮೌನ ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು. ನೆಲದೊಳಗಿನ ರೈಲಿನಲ್ಲಿ ಎದುರುಬದುರು ಮೊಣಕಾಲು ತಾಗುವಷ್ಟು ಹತ್ತಿರ ಕುಳಿತ ಜನ ಒಬ್ಬರ ಮುಖವನ್ನೊಬ್ಬರು ನೋಡುವುದಿಲ್ಲ. ಪುಸ್ತಕ ನೋಡುತ್ತಾರೆ, ಫೋನು ನೋಡುತ್ತಾರೆ, ಏನೂ ಇಲ್ಲದಿದ್ದರೆ ತಮ್ಮ ಬೂಟನ್ನಾದರೂ ನೋಡುತ್ತಾರೆ. ನಾನು ಪಕ್ಕದವರನ್ನು ನೋಡಿ ನಕ್ಕೆ. ಅವರು ಗಾಬರಿಯಿಂದ ಒಂದು ಅರ್ಧ ನಗೆ ನಕ್ಕು ಮತ್ತೆ ಪತ್ರಿಕೆಯಲ್ಲಿ ಮುಖವಿಟ್ಟರು.

ಆ ರಾತ್ರಿ ವಸತಿಗೃಹದ ಕಿರುಕೋಣೆಯಲ್ಲಿ ಕುಳಿತು ದಿನಚರಿ ಬರೆದೆ. ಇದು ಮಾತಿಲ್ಲದ ಊರು. ಬೆಳಗಿನಿಂದ ಸಾವಿರಾರು ಜನರ ನಡುವೆ ನಡೆದೆ, ನೀನು ಯಾರು, ಯಾವ ಊರು ಎಂದು ಕೇಳಿದವರು ಒಬ್ಬರೂ ಇಲ್ಲ. ಸಂಪತ್ತು ಬಂದಲ್ಲಿ ಹೃದಯ ಒಣಗುತ್ತದೆ ಎಂಬುದು ನಿಜ, ಎಂದು ಬರೆದು ತೃಪ್ತಿಯಿಂದ ಮಲಗಿದೆ. ನಮ್ಮಲ್ಲಿ ಉಪನ್ಯಾಸಗಳಲ್ಲಿ ಪಾಶ್ಚಾತ್ಯರ ವಿಚಾರವಾಗಿ ಹೇಳುತ್ತಲೇ ಬಂದ ಮಾತಿಗೆ ಒಂದು ಸಾಕ್ಷಿ ದೊರೆತಂತಾಗಿತ್ತು.

ಆ ದಿನಚರಿಯಲ್ಲಿ ಒಂದು ಸಂಗತಿಯನ್ನು ನಾನು ಬರೆಯಲಿಲ್ಲ. ನಿಲ್ದಾಣವೊಂದರಲ್ಲಿ ಚಲಿಸುವ ಮೆಟ್ಟಿಲು ಇರಲಿಲ್ಲ, ಕಲ್ಲುಮೆಟ್ಟಿಲನ್ನೇ ಹತ್ತಬೇಕಾಗಿತ್ತು. ಪೆಟ್ಟಿಗೆಯ ಗಾಲಿ ಮುರಿದಿತ್ತು. ನಾನು ಎರಡು ಮೆಟ್ಟಿಲಿಗೊಮ್ಮೆ ನಿಂತು ಏದುಸಿರು ಬಿಡುತ್ತಿರುವಾಗ ಕಪ್ಪು ಮೈಬಣ್ಣದ ತರುಣನೊಬ್ಬನು ಹಿಂದಿನಿಂದ ಬಂದು, ಮಾತಿಲ್ಲದೆ ಪೆಟ್ಟಿಗೆಯ ಇನ್ನೊಂದು ಕಡೆ ಹಿಡಿದು, ಮೇಲಿನ ತನಕ ಹೊತ್ತು ತಂದು ಇಳಿಸಿ, ತಲೆಯಾಡಿಸಿ ಹೊರಟೇಹೋದ. ನನ್ನ ಕೃತಜ್ಞತೆಯ ಮಾತು ಅವನನ್ನು ಮುಟ್ಟಿತೋ ಇಲ್ಲವೋ. ಒಬ್ಬರೂ ಕೇಳಲಿಲ್ಲವೆಂಬ ದೂರನ್ನು ಬರೆಯುವ ಕೈಗೆ, ಕೇಳದೆಯೇ ಹೊತ್ತವನೊಬ್ಬನಿದ್ದನೆಂಬ ನೆನಪು ಬರಲಿಲ್ಲ. ಊರಿಗೆ ಬಂದ ಮೇಲೆ ದಿನಚರಿಯನ್ನು ಓದುವಾಗ ಈ ಲೋಪ ಕಣ್ಣಿಗೆ ಬಿದ್ದು ಮುಖ ಬಿಸಿಯಾಯಿತು.

ಮೊದಲ ನೋಟದ ತೀರ್ಮಾನ ತಪ್ಪುವುದು ನನ್ನಂಥ ಸಾಮಾನ್ಯರಿಗೆ ಮಾತ್ರವಲ್ಲ. ೧೯೪೭ರಲ್ಲಿ ಬ್ರಹ್ಮಗಿರಿಯಲ್ಲಿಯೂ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ನೆಲ ಅಗೆಸಿದ ಮಾರ್ಟಿಮರ್ ವ್ಹೀಲರ್ ಅವರು ಬ್ರಿಟನ್ನಿನಿಂದ ಬಂದ ಮಹಾ ಪುರಾತತ್ತ್ವಜ್ಞರು. ಮಣ್ಣಿನ ಪದರ ಪದರವನ್ನೂ ಬಿಡಿಸಿ, ನಯಮಾಡಿದ ಕಲ್ಲುಕೊಡಲಿಯ ಜನ, ಅವರ ಮೇಲೆ ಕಬ್ಬಿಣ ಬಲ್ಲ ಬೃಹತ್ ಶಿಲಾ ಸಮಾಧಿಗಳ ಜನ, ಅವರ ಮೇಲೆ ಆಂಧ್ರರ ಕಾಲದ ಜನ ಎಂದು ನಮ್ಮ ನೆಲದ ವಂಶಾವಳಿಯನ್ನು ಮೊದಲು ಕ್ರಮವಾಗಿ ಇಟ್ಟವರು ಅವರೇ. ಆ ಕ್ರಮ ಇಂದಿಗೂ ನಿಂತಿದೆ. ಆದರೆ ಕಾಲವನ್ನು ಕಟ್ಟುವಲ್ಲಿ ಅವರು ನಮ್ಮವರನ್ನು ಬಹಳ ಈಚೆಗೆ ತಂದಿಟ್ಟರು. ಇಲ್ಲಿಗೆ ಕಬ್ಬಿಣ ಬಂದದ್ದು ಕ್ರಿಸ್ತಪೂರ್ವ ೨೦೦ರ ಸುಮಾರಿಗೆ ಎಂದರು. ಮುಂದೆ ದಕ್ಷಿಣದ ಬೇರೆ ನೆಲೆಗಳ ಇದ್ದಿಲನ್ನು ಪರೀಕ್ಷಿಸಿ ಕಾಲ ಗುಣಿಸುವ ವಿಧಾನ ಬಂದಾಗ ಕಬ್ಬಿಣವೂ ಕಲ್ಲುಕೊಡಲಿಯೂ ನೂರಾರು ವರ್ಷ ಹಿಂದಕ್ಕೆ ಸರಿದವು. ಅಂಥ ಕಣ್ಣು, ಅಂಥ ಶಿಸ್ತು ಇದ್ದವರಿಗೇ ನೆಲ ತನ್ನ ವಯಸ್ಸನ್ನು ಒಮ್ಮೆಗೇ ಹೇಳಲಿಲ್ಲವೆಂದ ಮೇಲೆ, ಒಂದು ಹಗಲು ರೈಲಿನಲ್ಲಿ ಸುತ್ತಿದವನಿಗೆ ಲಂಡನ್ ತನ್ನ ಹೃದಯವನ್ನು ಹೇಳೀತೆ?

ಮರುದಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋದೆ. ಪ್ರವೇಶಕ್ಕೆ ಹಣವಿಲ್ಲ. ಭಾರತದ ವಸ್ತುಗಳ ನಡುವೆ ಮಥುರೆಯ ಸಿಂಹಶೀರ್ಷವಿದೆ. ಬೆನ್ನಿಗೆ ಬೆನ್ನು ಕೂಡಿದ ಎರಡು ಸಿಂಹಗಳು, ಕೆಂಪು ಕಲ್ಲಿನಲ್ಲಿ ಕಡೆದದ್ದು. ಭಗವಾನ್‌ಲಾಲ್ ಇಂದ್ರಜಿಯವರು ಮಥುರೆಯಲ್ಲಿ ಕಂಡುಹಿಡಿದ ಶಿಲ್ಪ. ಅದರ ಮೈಯೆಲ್ಲ ಬರವಣಿಗೆ. ಹತ್ತಿರ ಹೋಗಿ ನೋಡಿದರೆ ಖರೋಷ್ಠಿ! ನನಗೆ ಅದನ್ನು ಓದಲು ಬಾರದು. ಆದರೆ ಮೂವತ್ತು ವರ್ಷ ಮಕ್ಕಳಿಗೆ ಬೆರಳಿಟ್ಟು ತೋರಿಸಿದ ಗೀಟುಗಳ ಜಾತಿ ಅದೇ ಎಂಬುದು ಕಣ್ಣಿಗೆ ತಿಳಿಯಿತು. ಎರಡು ದಿನ ಬಾಯಿ ಕಟ್ಟಿಕೊಂಡು ತಿರುಗಿದವನಿಗೆ ಸಿದ್ದಾಪುರದ ನೆರೆಯವರು ಕಂಡ ಹಾಗಾಯಿತು. ಕಣ್ಣಲ್ಲಿ ನೀರು ಬಂತೆಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ಚಪಡನು ತನ್ನ ವಿದ್ಯೆಯನ್ನು ಮೆರೆಸಲಿಲ್ಲ. ಪರಸ್ಥಳದಲ್ಲಿ ಒಂಟಿಯಾಗಿದ್ದವನು ತನ್ನ ಊರಿನ ಅಕ್ಷರದಲ್ಲಿ ಒಂದು ಮಾತನ್ನಾದರೂ ಆಡಿಕೊಂಡ ಎಂದು ಅಲ್ಲಿ ನಿಂತಾಗ ಅನ್ನಿಸಿತು. ಅದು ನನ್ನ ಊಹೆಯೇ ಸರಿ, ಚರಿತ್ರಕಾರರು ಒಪ್ಪಬೇಕೆಂದಿಲ್ಲ.

ಅಲ್ಲಿದ್ದ ಕಾವಲಿನವರು ನನ್ನನ್ನು ಗಮನಿಸುತ್ತಿದ್ದರೆಂದು ಕಾಣುತ್ತದೆ. ಮೆಲ್ಲಗೆ ಬಳಿಗೆ ಬಂದು, ಕ್ಷೇಮವಾಗಿದ್ದೀರಾ ಎಂಬರ್ಥ ಬರುವ ಎರಡು ಮಾತು ಕೇಳಿದರು. ಆ ಪಟ್ಟಣದಲ್ಲಿ ಅಪರಿಚಿತರು ನನ್ನನ್ನು ಕೇಳಿದ ಮೊದಲ ಪ್ರಶ್ನೆಯದು. ಅದು ಅಲ್ಲಿ ಎಲ್ಲರೂ ಎಲ್ಲರಿಗೂ ಹೇಳುವ ಬಾಯಿರೂಢಿಯ ಮಾತು, ಅದರಲ್ಲಿ ವಿಶೇಷವೇನೂ ಇಲ್ಲವೆಂದು ಮಗ ಆಮೇಲೆ ಹೇಳಿ ನಕ್ಕ. ಇರಬಹುದು. ಆದರೆ ರೂಢಿಯಲ್ಲಿ ಯಾವ ಪ್ರಶ್ನೆ ನೆಲೆನಿಂತಿದೆ ಎಂಬುದೂ ಒಂದು ವಿಚಾರವಲ್ಲವೆ?

ನಮ್ಮ ರೂಢಿಯ ಪ್ರಶ್ನೆ ವಾಚಕರಿಗೆ ಗೊತ್ತೇ ಇದೆ. ಚಳ್ಳಕೆರೆಯಲ್ಲಿ ಬಸ್ಸು ಹತ್ತಿ ತಳುಕು ಮುಟ್ಟುವುದರೊಳಗೆ ಪಕ್ಕದವರು ನಿಮ್ಮ ಊರು, ತಂದೆಯ ಹೆಸರು, ಹೆಣ್ಣು ತಂದ ಊರು, ಹೊಲದ ಎಕರೆ ಎಲ್ಲವನ್ನೂ ತಿಳಿದುಕೊಂಡಿರುತ್ತಾರೆ. ಯಾವ ಊರು ಎಂಬಲ್ಲಿ ಆರಂಭವಾದದ್ದು ಯಾರ ಪೈಕಿ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಅದರಲ್ಲಿ ಪ್ರೀತಿ ಇಲ್ಲವೆನ್ನಲಾರೆ. ಬುತ್ತಿ ಬಿಚ್ಚಿ ಕೊಟ್ಟವರೂ, ರಾತ್ರಿ ತಮ್ಮ ಮನೆಯಲ್ಲಿ ಉಳಿಸಿಕೊಂಡವರೂ ಆ ಪ್ರಶ್ನೆಯಿಂದಲೇ ಆರಂಭಿಸಿದವರು. ಲಂಡನ್ನಿನಲ್ಲಿ ನಾನು ಹಂಬಲಿಸಿದ್ದು ಇದನ್ನೇ. ಆದರೆ ಇದು ಎಲ್ಲರ ಕಿವಿಗೂ ಒಂದೇ ಬಗೆಯಾಗಿ ಕೇಳಿಸುವ ಪ್ರಶ್ನೆಯಲ್ಲವೆಂಬುದನ್ನು ನನಗೆ ತಿಳಿಸಿದವನು ನನ್ನ ಹಳೆಯ ಶಿಷ್ಯನೊಬ್ಬ.

ಅವನು ಅಲ್ಲಿನ ಆಸ್ಪತ್ರೆಯೊಂದರಲ್ಲಿ ಶುಶ್ರೂಷೆಯ ಕೆಲಸದಲ್ಲಿದ್ದಾನೆ. ನಾನು ಬಂದ ಸುದ್ದಿ ತಿಳಿದು ಭಾನುವಾರ ಬಿಡುವು ಮಾಡಿಕೊಂಡು ಬಂದ. ಥೇಮ್ಸ್ ನದಿಯ ದಂಡೆಯ ಮೇಲೆ, ಲ್ಯಾಂಬೆತ್ ಭಾಗದಲ್ಲಿ ಬಸವಣ್ಣನವರ ಪ್ರತಿಮೆ ಇರುವುದು ವಾಚಕರಿಗೆ ತಿಳಿದಿದೆ. ೨೦೧೫ರ ನವೆಂಬರ್ ೧೪ರಂದು ಪ್ರಧಾನಮಂತ್ರಿಗಳು ಅದನ್ನು ಅನಾವರಣ ಮಾಡಿದರು. ಅಲ್ಲಿ ಭೇಟಿಯಾಗೋಣ ಎಂದು ಹೇಳಿದವನು ಅವನೇ. ಪ್ರತಿಮೆಗೆ ನಮಸ್ಕರಿಸಿ, ನದಿಯ ಕಡೆಗಿನ ಬೆಂಚಿನ ಮೇಲೆ ಕುಳಿತೆವು. ನಾನು ದಿನಚರಿಯಲ್ಲಿ ಬರೆದದ್ದನ್ನೇ ಅವನಿಗೂ ಹೇಳಿದೆ. ಇದೆಂಥ ಊರಪ್ಪಾ, ಯಾರು ಏನು ಎಂದು ಕೇಳುವವರೇ ಇಲ್ಲವಲ್ಲ ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾರ್, ನಾನು ಇಲ್ಲಿಗೆ ಬಂದ ಮೊದಲನೇ ದಿನ ನನಗೆ ಬಹಳ ಹಗುರ ಅನ್ನಿಸಿದ್ದು ಅದಕ್ಕೇ" ಎಂದ.

ನನಗೆ ಒಡನೆ ಅರ್ಥವಾಗಲಿಲ್ಲ. ಅವನೇ ಮುಂದುವರಿಸಿದ. "ನೀವು ತಪ್ಪು ತಿಳಿಯಬಾರದು. ಶಾಲೆ ಆರಂಭದ ದಿನ ರಿಜಿಸ್ಟರು ಬರೆಯುವಾಗ ಒಬ್ಬೊಬ್ಬರನ್ನೇ ಎಬ್ಬಿಸಿ ನಿಲ್ಲಿಸಿ ಕೇಳುತ್ತಿದ್ದಿರಿ. ಹೆಸರು, ಅಪ್ಪನ ಹೆಸರು, ಯಾವ ಜನ ಅಂತ. ನಾನು ಮೆತ್ತಗೆ ಹೇಳಿದೆ. ಗಟ್ಟಿಯಾಗಿ ಹೇಳೋ ಅಂದಿರಿ. ಹೇಳಿದೆ. ಪಕ್ಕದವನು ಬೆಂಚಿನಲ್ಲಿ ಸರಿದು ಕೂತ."

ವಿದ್ಯಾರ್ಥಿವೇತನಕ್ಕಾಗಿ ಅದನ್ನು ಬರೆಯಲೇಬೇಕಾಗಿತ್ತಲ್ಲಪ್ಪಾ ಎಂದೆ. "ಹೌದು ಸಾರ್, ಆ ದುಡ್ಡು ಬಂದದ್ದರಿಂದಲೇ ನಾನು ಓದಿದೆ. ಬರೆದದ್ದು ತಪ್ಪಲ್ಲ. ಗಟ್ಟಿಯಾಗಿ ಹೇಳಿಸಿದ್ದು" ಎಂದು ಅಷ್ಟಕ್ಕೇ ನಿಲ್ಲಿಸಿದ. ಅವನ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ಹುಟ್ಟಿನಿಂದ ಲಿಂಗಾಯತ, ಬಸವ ಜಯಂತಿಯಲ್ಲಿ ಪ್ರತಿ ವರ್ಷ ಭಾಷಣ ಮಾಡಿದವನು. ಬಂದವನನ್ನು ಯಾರವನೆಂದು ಕೇಳಿ ದೂರ ಮಾಡದೆ ನಮ್ಮವನೆಂದು ತಿಳಿಯಬೇಕೆಂಬ ಬಸವಣ್ಣನವರ ಆಶಯವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದವನು. ಅದೇ ಕೋಣೆಯಲ್ಲಿ, ಅದೇ ಬಾಯಿಂದ, ಯಾರವನೆಂದು ಗಟ್ಟಿಯಾಗಿ ಹೇಳಿಸುತ್ತಿದ್ದೆ. ಎರಡಕ್ಕೂ ವಿರೋಧವುಂಟೆಂದು ಆ ಮೂವತ್ತು ವರ್ಷಗಳಲ್ಲಿ ಒಂದು ದಿನವೂ ಹೊಳೆಯಲಿಲ್ಲ. ನನಗೆ ಆ ಪ್ರಶ್ನೆಯಿಂದ ಎಂದೂ ಪೆಟ್ಟು ಬಿದ್ದಿರಲಿಲ್ಲ. ನಾನು ಹೇಳುವ ಉತ್ತರಕ್ಕೆ ಎಲ್ಲಿಯೂ ಚಾಪೆ ಹಾಸುತ್ತಿದ್ದರು. ಪೈಕಿಯೇ ಇಲ್ಲದ ಮನುಷ್ಯನಾಗಿ ಆ ಪಟ್ಟಣದಲ್ಲಿ ಎರಡು ದಿನ ತಿರುಗಿದಾಗ ನನಗೆ ಯಾವುದು ಬರಿದೆನಿಸಿತೋ ಅದೇ ಅವನಿಗೆ ಬಿಡುಗಡೆಯಾಗಿತ್ತು. ಒಂದೇ ಊರು, ಒಂದೇ ಮೌನ. ಇಬ್ಬರ ಮೊದಲ ನೋಟವೂ ಸುಳ್ಳಲ್ಲ. ಇಬ್ಬರೂ ಕಂಡದ್ದು ತಾವು ಬಿಟ್ಟುಬಂದ ಊರನ್ನೇ.

ಹಾಗೆಂದು ಲಂಡನ್ನನ್ನು ಕಲ್ಯಾಣವೆಂದು ಹೊಗಳುವ ತಪ್ಪನ್ನೂ ನಾನು ಮಾಡಲಾರೆ. ಅಲ್ಲಿಯೂ ಕೇಳುವವರಿದ್ದಾರೆ, ನಿಜವಾಗಿ ನಿನ್ನದು ಯಾವ ದೇಶ ಎಂದು ಮೈಬಣ್ಣ ನೋಡಿ ಮತ್ತೆ ಮತ್ತೆ ಕೇಳುತ್ತಾರೆ ಎಂದು ಅವನೇ ಹೇಳಿದ. ಒಂದು ರಾತ್ರಿ ಬಸ್ಸಿನಲ್ಲಿ ಕುಡಿದವನೊಬ್ಬ ನಿನ್ನ ದೇಶಕ್ಕೆ ಹೋಗು ಎಂದು ಕೂಗಿದ್ದನಂತೆ. ಅವನ ಕೋಣೆಯ ಮೇಲಿನ ಮಹಡಿಯಲ್ಲಿ ವೃದ್ಧರೊಬ್ಬರು ತೀರಿಕೊಂಡದ್ದು ಅಕ್ಕಪಕ್ಕದವರಿಗೆ ಗೊತ್ತಾದದ್ದು ನಾಲ್ಕು ದಿನವಾದ ಮೇಲೆ. ಕೇಳದಿರುವುದರಲ್ಲಿ ಗೌರವವೂ ಇರಬಹುದು, ಉಪೇಕ್ಷೆಯೂ ಇರಬಹುದು. ಹೊರಗಿನಿಂದ ನೋಡಿದರೆ ಎರಡಕ್ಕೂ ಒಂದೇ ಮುಖ.

ಶರಣರ ಕಲ್ಯಾಣಕ್ಕೂ ಪರದೇಶದವರು ಬಂದರಷ್ಟೆ. ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದ, ಆದಯ್ಯನವರು ಸೌರಾಷ್ಟ್ರದಿಂದ ಬಂದರೆಂದು ಪರಂಪರೆ ಹೇಳುತ್ತದೆ. ಉಡುತಡಿಯ ಅಕ್ಕಮಹಾದೇವಿಯವರು ಒಬ್ಬರೇ ನಡೆದು ಬಂದರು. ಅವರನ್ನು ಪ್ರಭುದೇವರು ಪ್ರಶ್ನಿಸಿದರೆಂಬುದು ನಿಜ, ಕಠಿಣವಾಗಿಯೇ ಪ್ರಶ್ನಿಸಿದರು. ಆದರೆ ಅದು ಅವರ ಅನುಭಾವದ ಆಳವನ್ನು ನೋಡುವ ಪ್ರಶ್ನೆ. ಎಲ್ಲಿ ಕೂರಿಸಬೇಕೆಂದು ನಿರ್ಧರಿಸುವುದಕ್ಕಾಗಿ ಕೇಳಿದ್ದಲ್ಲ. ಇದಕ್ಕಿಂತಲೂ ನನ್ನನ್ನು ಕಾಡುವುದು ಮರುಳಶಂಕರದೇವರ ಪ್ರಸಂಗ. ಅಫಘಾನ ದೇಶದ ಕಡೆಯವರೆಂದು ಹೇಳುವುದುಂಟು. ಚಪಡನ ಅಕ್ಷರ ಬಂದ ದಿಕ್ಕೂ ಅದೇ. ಅವರು ಕಲ್ಯಾಣಕ್ಕೆ ಬಂದು, ಮಹಾಮನೆಯ ಪ್ರಸಾದದ ನೆಲೆಯಲ್ಲಿ ಮರುಳನಂತೆ ವರ್ಷಗಟ್ಟಲೆ ಇದ್ದರು. ಯಾರೂ ಅಟ್ಟಲಿಲ್ಲ, ಯಾರೂ ಕುಲ ಕೇಳಲಿಲ್ಲ. ಯಾರೂ ಗುರುತಿಸಲೂ ಇಲ್ಲ. ಪ್ರಭುದೇವರು ಬಂದು ತೋರಿಸಿಕೊಟ್ಟ ಮೇಲೆಯೇ ಅವರ ಮಹಿಮೆ ಬಸವಣ್ಣನವರಿಗೆ ತಿಳಿದದ್ದು. ಶೂನ್ಯಸಂಪಾದನೆ ಈ ಪ್ರಸಂಗವನ್ನು ಮುಚ್ಚಿಡದೆ ಒಂದು ಸಂಪಾದನೆಯಾಗಿಯೇ ನಿರೂಪಿಸಿದೆ. ಅನ್ನ ಹಾಕಿ, ಕುಲ ಕೇಳದೆ ಬಿಟ್ಟದ್ದು ಸಣ್ಣದಲ್ಲ. ಆದರೆ ಅಷ್ಟು ಮಾತ್ರವೇ ಸಾಲದೆಂಬ ನೋವು ಅಲ್ಲಿದೆ. ನಮ್ಮವನೆನ್ನುವುದಕ್ಕೆ ಅವನ ಮುಖವನ್ನು ನೋಡಬೇಕು. ಕುಲವನ್ನು ಕೇಳದೆ ಮುಖವನ್ನು ನೋಡುವುದು ಹೇಗೆಂಬುದನ್ನು ನಾವು ಕಲಿತಿಲ್ಲ. ನಮಗೆ ಗೊತ್ತಿರುವ ದಾರಿ ಒಂದೇ, ಪೈಕಿಯ ದಾರಿ. ಅದನ್ನು ಮುಚ್ಚಿದರೆ ನಮ್ಮ ಬಾಯಿ ಕಟ್ಟುತ್ತದೆ.

ಇದನ್ನು ನಾನು ಊಹಿಸಿ ಬರೆಯುತ್ತಿಲ್ಲ. ಕಳೆದ ಬೇಸಿಗೆಯಲ್ಲಿ ಅಶೋಕ ಸಿದ್ದಾಪುರದಲ್ಲಿ ಬಸ್ಸಿಗಾಗಿ ಕಾಯುತ್ತಿದ್ದೆ. ಮಧ್ಯಾಹ್ನದ ಬಿಸಿಲು, ಬಂಡೆಗಳಿಂದ ಕಾವು ಏಳುತ್ತಿತ್ತು. ಉತ್ತರ ದೇಶದ ಹುಡುಗನೊಬ್ಬ ಒಂಟಿಯಾಗಿ ನಿಂತಿದ್ದ, ಇಪ್ಪತ್ತರ ಒಳಗಿನ ವಯಸ್ಸು. ಕಲ್ಲುಕೆಲಸಕ್ಕೋ ಕಟ್ಟಡದ ಕೆಲಸಕ್ಕೋ ಬಂದವನಿರಬೇಕು, ಬಟ್ಟೆಯೆಲ್ಲ ಧೂಳು. ಬಸ್ಸಿನ ಹಲಗೆಯ ಮೇಲಿನ ಕನ್ನಡ ಅಕ್ಷರಗಳನ್ನು ನಾನು ಮಥುರೆಯ ಸಿಂಹವನ್ನು ನೋಡಿದಂತೆ ನೋಡುತ್ತಿದ್ದ. ಅರಳಿಕಟ್ಟೆಯ ಮೇಲೆ ಕುಳಿತಿದ್ದ ಇಬ್ಬರು ಅವನನ್ನು ಕಳ್ಳನನ್ನು ನೋಡುವಂತೆ ನೋಡುತ್ತಿದ್ದರು. ಯಾವ ಊರು, ಯಾವ ಜನ ಎಂಬ ಮಾತು ಅಭ್ಯಾಸಬಲದಿಂದ ನನ್ನ ನಾಲಗೆಯ ತುದಿಗೆ ಬಂತು. ನುಂಗಿಕೊಂಡೆ. ನುಂಗಿಕೊಂಡ ಮೇಲೆ ಬೇರೆ ಮಾತು ಹೊಳೆಯಲಿಲ್ಲ. ನನಗೆ ಹಿಂದಿ ಅಷ್ಟಾಗಿ ಬಾರದು ಎಂದು ಸಮಾಧಾನ ಹೇಳಿಕೊಂಡೆ. ಸುಮಾರು ಅರ್ಧ ಗಂಟೆ ಇಬ್ಬರೂ ಹಾಗೆಯೇ ನಿಂತಿದ್ದೆವು. ಬಳ್ಳಾರಿಯ ಬಸ್ಸು ಮೊದಲು ಬಂತು. ಕಂಡಕ್ಟರನ್ನು ಏನೋ ಕೇಳಿ ಅವನು ಹತ್ತಿ ಹೋದ.

ಕ್ಷೇಮವೆ ಎಂದು ಕೇಳುವುದಕ್ಕೆ ಹಿಂದಿ ಬೇಕಾಗಿರಲಿಲ್ಲ ಎಂಬುದು ಆಮೇಲೆ ನೆನಪಾಯಿತು. ಮನೆಯಿಂದ ತಂದಿದ್ದ ತಂಬಿಗೆಯ ನೀರು ನನ್ನ ಚೀಲದಲ್ಲಿ ಹಾಗೆಯೇ ಇತ್ತು.